ಸಾಂಬಾರ್‌ಗೆ ಹಲ್ಲಿ ಬಿದ್ದರೆ ವಿಷವೇ? ಫಾರ್ವರ್ಡ್ ಮಾಡುವ ಮುನ್ನ ಓದಿ

"ಹಲ್ಲಿ ಬಿದ್ದರೆ ಪಾತ್ರೆಯೆಲ್ಲ ವಿಷ. ಪುಟ್ಟ ಹಲ್ಲಿ ಇನ್ನೂ ಅಪಾಯ, ಕಂಡಲ್ಲಿ ಕೊಲ್ಲಿ." ಇಂಥ ಮೆಸೇಜ್ ರಾಜಾಜಿನಗರದಿಂದ ಕೆಂಗೇರಿವರೆಗೆ ಯಾವ ಫ್ಯಾಮಿಲಿ ಗ್ರೂಪ್‌ಗೂ ಹೊಸದಲ್ಲ. ಇದರಲ್ಲಿ ನಿಜವೆಷ್ಟು? ನೋಡೋಣ.

ಹಲ್ಲಿಗೆ ವಿಷ ಇದೆಯೇ?

ಇಲ್ಲ. ನಮ್ಮ ಹಲ್ಲಿಗಳ ಹಲ್ಲಿನಲ್ಲಾಗಲಿ, ಚರ್ಮದಲ್ಲಾಗಲಿ, ಬಾಲದಲ್ಲಾಗಲಿ ವಿಷವಿಲ್ಲ.

ಹಾಗಾದರೆ ವಾಂತಿ ಯಾಕೆ?

ಹಲ್ಲಿಯ ಕರುಳಲ್ಲಿ, ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಮುಚ್ಚದೆ ಇಟ್ಟು ಆರಿದ ಅಡುಗೆಯಲ್ಲಿ ಅದು ಬೆಳೆಯುತ್ತದೆ. ಅದರಿಂದ ಬರುವ ವಾಂತಿ, ಭೇದಿ, ಜ್ವರ ಸಾಮಾನ್ಯವಾಗಿ ಶುರುವಾಗುವುದು 6ರಿಂದ 72 ಗಂಟೆಯೊಳಗೆ. ತಟ್ಟೆಯಲ್ಲಿ ಹಲ್ಲಿ ಕಂಡ ತಕ್ಷಣ ಹೊಟ್ಟೆ ತೊಳಸಿದರೆ ಅದಕ್ಕೆ ಹೆಚ್ಚಾಗಿ ಅಸಹ್ಯ, ಭಯವೇ ಕಾರಣ.

ಏನು ಮಾಡಬೇಕು?

ಆ ಅಡುಗೆ ಚೆಲ್ಲಿಬಿಡಿ. ತಿಂದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ವಾಂತಿ, ಭೇದಿ ಶುರುವಾದರೆ ಓಆರ್‌ಎಸ್ ಕೊಡಿ. ಮಕ್ಕಳು, ಗರ್ಭಿಣಿಯರು, ವಯಸ್ಸಾದವರಾದರೆ ಕಾಯದೆ ಡಾಕ್ಟರ್ ಹತ್ತಿರ ಕರೆದೊಯ್ಯಿರಿ. ವಿಷವಲ್ಲ ಎಂದ ಮಾತ್ರಕ್ಕೆ ನಿರ್ಲಕ್ಷ್ಯ ಸಲ್ಲದು.

ಪುಟ್ಟ ಹಲ್ಲಿ ಹೆಚ್ಚು ಅಪಾಯವೇ?

ಅದೂ ಸುಳ್ಳು. ಚಿಕ್ಕದಾಗಿ ಕಾಣುವುದು ಬಹಳ ಸಲ ಮನೆ ಹಲ್ಲಿಯ ಮರಿ. ಇನ್ನು ಕೆಲವೊಮ್ಮೆ ಅದು ನಮ್ಮೂರಿನದೇ ಬೇರೆ ಜಾತಿ ಇರಬಹುದು. ವಿಜ್ಞಾನದಲ್ಲಿ ಅದರ ಹೆಸರು 'ನೆಮಾಸ್ಪಿಸ್ ಮೈಸೋರಿಯೆನ್ಸಿಸ್'. ಬ್ರಿಟಿಷ್ ವೈದ್ಯ, ಪ್ರಾಣಿಶಾಸ್ತ್ರಜ್ಞ ಜೆರ್ಡನ್ 1853ರಲ್ಲಿ ಬೆಂಗಳೂರಿನ ಹಲ್ಲಿಯನ್ನು ನೋಡಿ ಮೈಸೂರು ಸೀಮೆಯ ಹೆಸರಿಟ್ಟರು. ಅವರ ಮೂಲ ಮಾದರಿ ಉಳಿಯಲಿಲ್ಲ. 2009ರಲ್ಲಿ ಸಂಶೋಧಕರು ಹೊಸ ಮಾದರಿ ಗೊತ್ತುಮಾಡಿ ಈ ಜಾತಿಯನ್ನು ಮತ್ತೆ ವಿವರಿಸಿದರು.

ಬಾಲ ಬಿಟ್ಟರೆ ಇದರ ಉದ್ದ ಸುಮಾರು 3 ಸೆಂಟಿಮೀಟರ್. ಮನೆ ಹಲ್ಲಿಯ ಕಣ್ಣಪಾಪೆ ಸೀಳಿದಂತೆ ಉದ್ದ, ಇದರದ್ದು ದುಂಡಗೆ. ಮನೆ ಹಲ್ಲಿಯ ಬೆರಳಿನಡಿ ಅಂಟಿಕೊಳ್ಳುವ ಅಗಲ ಪಟ್ಟಿಗಳಿವೆ, ಇದಕ್ಕಿಲ್ಲ. ಇದು ಉಗುರು ಊರಿ ಕಲ್ಲು, ಮರ, ಒರಟು ಗೋಡೆ ಹತ್ತುತ್ತದೆ. ತಿನ್ನುವುದು ಸಣ್ಣ ಹುಳುಹುಪ್ಪಟೆ.

ಹಲ್ಲಿ ಲೊಚಗುಟ್ಟಿದರೆ "ಕೃಷ್ಣ ಕೃಷ್ಣ" ಎಂದು ನೆಲ ತಟ್ಟುವವರು ನಾವು. ಅದೇ ಹಲ್ಲಿಗೆ ಪೊರಕೆ ಎತ್ತುವ ಬದಲು ಪಾತ್ರೆಗೊಂದು ಮುಚ್ಚಳ ಹಾಕೋಣ. ಮುಂದಿನ ಸಲ ಆ ಮೆಸೇಜ್ ಬಂದರೆ ಇದನ್ನು ಕಳಿಸಿ.