ಹೆಸರು ದೊಡ್ಡದಾದರೆ ಸಾಫ್ಟ್‌ವೇರ್ ಗಟ್ಟಿಯೇ?

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಕಡೆ ಕಂಪ್ಯೂಟರ್ ಎಂದರೆ ತಾಲ್ಲೂಕು ಕಚೇರಿಯಲ್ಲೋ ಜೆರಾಕ್ಸ್ ಅಂಗಡಿಯಲ್ಲೋ ಇರುವ ಪರದೆ, ಕೀಬೋರ್ಡ್. ಪಂಪ್‌ಸೆಟ್ಟಿನ ಆಟೊ ಸ್ಟಾರ್ಟರ್, ಡೇರಿಯಲ್ಲಿ ಹಾಲಿನ ಫ್ಯಾಟ್ ಅಳೆಯುವ ಯಂತ್ರ, ಕಂಡಕ್ಟರ್ ಕೈಯ ಟಿಕೆಟ್ ಮೆಷಿನ್ ಇವುಗಳೊಳಗೂ ಸಾಫ್ಟ್‌ವೇರ್ ಓಡುತ್ತಿದೆ ಎಂಬುದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಯಾವುದು ಗಟ್ಟಿ, ಯಾವುದು ಪೊಳ್ಳು ಎಂಬ ನಮ್ಮ ಅಂದಾಜು ಹಾದಿ ತಪ್ಪುವುದು ಇಲ್ಲೇ.

ತಪ್ಪು ಕಲ್ಪನೆ 1: ದುಡ್ಡು ಕೊಟ್ಟು ತಂದ ದೊಡ್ಡ ಕಂಪನಿಯ ಸಾಫ್ಟ್‌ವೇರ್ ಕೈಕೊಡುವುದಿಲ್ಲ.

ಸತ್ಯ: 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಕೂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ತಪ್ಪಿದ್ದುದು ಒಂದು ಸಣ್ಣ ಕಡತದಲ್ಲಿ. ಆದರೆ ಅದನ್ನು ಓದುವ ಪ್ರೋಗ್ರಾಮಿಗೆ ಕಂಪ್ಯೂಟರಿನ ಅಂತರಾಳದವರೆಗೂ ಪ್ರವೇಶವಿತ್ತು, ಮತ್ತು ಅದೇ ಪ್ರೋಗ್ರಾಮು ಎಲ್ಲ ಕಡೆಯೂ ಇತ್ತು. ಎಷ್ಟೋ ಕಡೆ ಸಿಬ್ಬಂದಿ ಒಂದೊಂದೇ ಯಂತ್ರದ ಮುಂದೆ ಕೂತು ಆ ಕಡತ ಅಳಿಸಬೇಕಾಯಿತು. ಎಲ್ಲರೂ ಒಂದನ್ನೇ ನೆಚ್ಚಿದರೆ ಅದು ಬಿದ್ದ ದಿನ ಎಲ್ಲರೂ ಒಟ್ಟಿಗೇ ಬೀಳುತ್ತಾರೆ.

ತಪ್ಪು ಕಲ್ಪನೆ 2: ಚಿಕ್ಕ ಚಿಪ್ಪಿನ ಚಿಕ್ಕ ಪ್ರೋಗ್ರಾಮು ಕಚ್ಚಾ ಮಾಲು.

ಸತ್ಯ: ನಮ್ಮ ಹೊಲಗಳಿಗೆ ತ್ರೀಫೇಸ್ ಕರೆಂಟ್ ಬರುವುದು ದಿನಕ್ಕೆ ಕೆಲವೇ ಗಂಟೆ, ಅದೂ ಹಲವು ಸಲ ರಾತ್ರಿ ಹೊತ್ತು. ಆಗ ಕೊಳವೆಬಾವಿಯ ಮೋಟರನ್ನು ತಾನಾಗಿ ಚಾಲೂ ಮಾಡುವ, ಒಂದು ಫೇಸ್ ಹೋದರೆ ಕಾಯಿಲ್ ಸುಡುವ ಮುನ್ನ ನಿಲ್ಲಿಸುವ ಎಲೆಕ್ಟ್ರಾನಿಕ್ ಸ್ಟಾರ್ಟರಿಗೆ ಕೆಲವು ಕಿಲೋಬೈಟ್ ಪ್ರೋಗ್ರಾಮು ಸಾಕು. ಕೆಲಸ ಕಡಿಮೆ ಇರುವುದರಿಂದ ಎಲ್ಲ ಸಂದರ್ಭಗಳನ್ನೂ ಮೊದಲೇ ಪರೀಕ್ಷಿಸಿ ನೋಡಬಹುದು. ಇಂಥ ಚಿಪ್ಪುಗಳಲ್ಲಿ ಸಾಮಾನ್ಯವಾಗಿ ವಾಚ್‌ಡಾಗ್ ಟೈಮರ್ ಇರುತ್ತದೆ: ಪ್ರೋಗ್ರಾಮು ಎಲ್ಲಾದರೂ ಸಿಕ್ಕಿಕೊಂಡು ಹೊತ್ತಿಗೆ ಸರಿಯಾಗಿ ಓಗೊಡದಿದ್ದರೆ ಚಿಪ್ಪು ತಾನೇ ರೀಸ್ಟಾರ್ಟ್ ಆಗುತ್ತದೆ.

ಪಾವಗಡದ ಸೋಲಾರ್ ಪಾರ್ಕು ಇದಕ್ಕೆ ದೊಡ್ಡ ಸಾಕ್ಷಿ. ತಿರುಮಣಿ, ವಳ್ಳೂರು ಸೇರಿ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವ್ಯಾಟ್ ಸಾಮರ್ಥ್ಯದ ಈ ಪಾರ್ಕಿನ ಫಲಕಗಳಿಂದ ಬರುವುದು ಡಿಸಿ ಕರೆಂಟ್. ಅದನ್ನು ಎಸಿ ಮಾಡಿ, ಗ್ರಿಡ್‌ನ 50 ಹರ್ಟ್ಸ್‌ಗೆ ಸರಿಹೊಂದಿಸಿ, ಲೈನಿನ ಏರುಪೇರು ಮಿತಿ ಮೀರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಳಚಿಕೊಳ್ಳುವುದು ಇನ್ವರ್ಟರಿನೊಳಗೇ ಹುದುಗಿಸಿರುವ (ಎಂಬೆಡೆಡ್) ಪ್ರೋಗ್ರಾಮಿನ ಕೆಲಸ. ‘ಅಪ್‌ಡೇಟ್ ಆಗುತ್ತಿದೆ, ಕಾಯಿರಿ’ ಎನ್ನುವ ಸಾಫ್ಟ್‌ವೇರಿಗೆ ಅಲ್ಲಿ ಜಾಗವಿಲ್ಲ.

ತಪ್ಪು ಕಲ್ಪನೆ 3: ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ ತಂತ್ರಾಂಶ) ಎಂದರೆ ಪುಕ್ಕಟೆ, ಹವ್ಯಾಸಿಗಳ ಕೈಚಳಕ.

ಸತ್ಯ: 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಎಂಬ ಫಿನ್‌ಲೆಂಡಿನ ವಿದ್ಯಾರ್ಥಿ ಆರಂಭಿಸಿದ ಲಿನಕ್ಸ್, ಇಂದು ಪ್ರತಿ ಆಂಡ್ರಾಯ್ಡ್ ಫೋನಿನ ತಳದಲ್ಲಿದೆ. 2017ರ ನವೆಂಬರ್‌ನಿಂದ ಈಚೆಗೆ ಜಗತ್ತಿನ ಅತಿ ವೇಗದ 500 ಸೂಪರ್‌ ಕಂಪ್ಯೂಟರುಗಳೆಲ್ಲ ಓಡುವುದೂ ಲಿನಕ್ಸ್ ಮೇಲೆಯೇ. ನಮ್ಮ ವಾಟ್ಸ್ಆ್ಯಪ್ ಸಂದೇಶಗಳು ಫೋನಿನಲ್ಲಿ ಉಳಿಯುವುದು ಎಸ್‌ಕ್ಯುಲೈಟ್ ಎಂಬ ಪುಟ್ಟ ಡೇಟಾಬೇಸಿನಲ್ಲಿ. ಅದನ್ನು ನೋಡಿಕೊಳ್ಳುವವರು ಬೆರಳೆಣಿಕೆಯ ಮಂದಿ. ಆದರೆ ಅದನ್ನು ಪರೀಕ್ಷಿಸಲು ಅವರು ಬರೆದಿರುವ ಕೋಡು ಮೂಲ ಕೋಡಿನ ನೂರಾರು ಪಟ್ಟು.

ತಪ್ಪು ಕಲ್ಪನೆ 4: ಕೋಡ್ ತೆರೆದಿದ್ದರೆ ಕಳ್ಳರಿಗೆ ಸುಲಭ. ಇಲ್ಲವೇ, ತೆರೆದಿದ್ದರೆ ತಪ್ಪೇ ಉಳಿಯದು.

ಸತ್ಯ: ಎರಡೂ ಅರ್ಧಸತ್ಯ. 2014ರಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ದೋಷ, ವೆಬ್‌ಸೈಟುಗಳ ಮಾಹಿತಿಗೆ ಬೀಗ ಹಾಕುವ ಓಪನ್‌ಎಸ್‌ಎಸ್‌ಎಲ್‌ನ ತೆರೆದ ಕೋಡಿನಲ್ಲೇ ಎರಡು ವರ್ಷ ಇತ್ತು. ನೋಡಬಹುದಾದವರು ಲಕ್ಷಾಂತರ, ನೋಡಿದವರು ಕೆಲವೇ ಮಂದಿ. 2024ರಲ್ಲಿ ಎಕ್ಸ್‌ಜೆಡ್ ಎಂಬ ಸಾಫ್ಟ್‌ವೇರಿನಲ್ಲಿ ಯಾರೋ ಹಿಂಬಾಗಿಲು ಹುದುಗಿಸಿದ್ದರು. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಕೆದಕಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಪ್ರೋಗ್ರಾಮರ್ ಅದನ್ನು ಹಿಡಿದರು. ಕೋಡ್ ಮುಚ್ಚಿದ್ದರೆ ಹಾಗೆ ಬೆನ್ನುಹತ್ತಿ ಹೋಗುವುದು ಬಲು ಕಷ್ಟವಿತ್ತು.

ತಪ್ಪು ಕಲ್ಪನೆ 5: ಕನ್ನಡದ ಕೆಲಸಕ್ಕೆ ವಿಂಡೋಸ್ ಬಿಟ್ಟರೆ ಗತಿಯಿಲ್ಲ.

ಸತ್ಯ: ನಮ್ಮ ಕಚೇರಿಗಳ ಹಳೆಯ ಕಡತಗಳು ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿವೆ, ಅವನ್ನು ಯುನಿಕೋಡಿಗೆ ತರದೆ ಬೇರೆ ಕಡೆ ಓದುವುದು ಕಷ್ಟ, ನಿಜ. ಆದರೆ ಯುನಿಕೋಡ್ ಕನ್ನಡಕ್ಕೆ ಲಿನಕ್ಸಿನಲ್ಲಿ ಕೆಜಿಪಿ ಕೀಲಿವಿನ್ಯಾಸವಿದೆ, ಲೋಹಿತ್, ನವಿಲು ಫಾಂಟುಗಳಿವೆ, ಪತ್ರ, ಲೆಕ್ಕಪಟ್ಟಿ ಬರೆಯಲು ಲಿಬ್ರೆಆಫೀಸ್ ಇದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಯುವುದೇ ಇಂಥ ಸ್ವತಂತ್ರ ತಂತ್ರಾಂಶದಲ್ಲಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಒಲ್ಲದ ಹಳೆ ಯಂತ್ರಗಳನ್ನು ಗುಜರಿಗೆ ಹಾಕುವ ಮುನ್ನ ಲಿನಕ್ಸ್ ಹಾಕಿ ನೋಡಬಹುದು.

ಹಾಗಾದರೆ ಕೊಳ್ಳುವಾಗ ಏನು ಕೇಳಬೇಕು? ‘ಯಾವ ಕಂಪನಿದು?’ ಎಂಬುದಕ್ಕಿಂತ ಮುಂಚೆ ಮೂರು ಪ್ರಶ್ನೆ: ನೆಟ್ ಇಲ್ಲದಿದ್ದರೂ ಕೆಲಸ ಮಾಡುತ್ತಾ? ಕೆಟ್ಟರೆ ನಮ್ಮೂರಲ್ಲೇ ರಿಪೇರಿ ಆಗುತ್ತಾ? ಕಂಪನಿ ಮುಚ್ಚಿಹೋದರೆ ನಮ್ಮ ಮಾಹಿತಿ ನಮಗೆ ಸಿಗುತ್ತಾ? ಮೊಬೈಲಿನಿಂದ ಮೋಟರ್ ಚಾಲೂ ಮಾಡುವ ಸ್ಟಾರ್ಟರ್ ತರುವವರು ಇನ್ನೊಂದನ್ನೂ ಕೇಳಿಕೊಳ್ಳಲಿ: ಸಿಮ್ ಸತ್ತ ದಿನ ಕೈಯಲ್ಲಿ ಒತ್ತಲು ಬಟನ್ ಇದೆಯೇ?