ಪಂಖದ ವಿಮಾನಕ್ಕೆ ಇನ್ನೂ ಕೆಲಸವಿದೆ

ವೈಕೌಂಟ್, ಫೋಕರ್ ಫ್ರೆಂಡ್‌ಶಿಪ್, ರೋಲ್ಸ್ ರಾಯ್ಸ್ ಡಾರ್ಟ್. ಈ ಹೆಸರುಗಳನ್ನು ಕೇಳಿದರೆ ಹಳೆಯ ವಿಮಾನಪ್ರಿಯರ ಮುಖ ಅರಳುತ್ತದೆ. ಫೋಕರ್‌ನ ಅಗಲವಾದ ಅಂಡಾಕಾರದ ಕಿಟಕಿ, ಕಿಟಕಿಗೆ ಅಡ್ಡ ಬಾರದೆ ನೆತ್ತಿಯ ಮೇಲೆ ಚಾಚಿಕೊಂಡ ರೆಕ್ಕೆ, ಕೆಳಗೆ ಗೆರೆ ಕೊರೆದಂತೆ ಕಾಣುವ ಗದ್ದೆ, ಹೊಳೆ, ಕೆರೆ, ಕಿವಿಗಡಚಿಕ್ಕುವ ಡಾರ್ಟ್ ಎಂಜಿನ್ನಿನ ಸಿಳ್ಳು: ನೆನೆಯುವವರಿಗೆ ನೆನಪುಗಳು ಬೇಕಾದಷ್ಟಿವೆ. ನೆನಪಿನ ಬಗ್ಗೆ ತಕರಾರಿಲ್ಲ. ಆದರೆ ಆ ಹಳಹಳಿಕೆಯ ಜೊತೆಗೆ ಒಂದು ತಪ್ಪು ತಿಳಿವಳಿಕೆಯೂ ನುಸುಳಿಬಿಡುತ್ತದೆ. ಪಂಖವಿರುವ ವಿಮಾನವೆಂದರೆ ಜೆಟ್ ಬರುವುದಕ್ಕೆ ಮುಂಚಿನದು, ಯಾವತ್ತೋ ಮೂಲೆ ಸೇರಬೇಕಿತ್ತು, ದೊಡ್ಡ ವಿಮಾನ ಬಾರದ ಊರುಗಳ ಪಾಲಿಗೆ ಹೇಗೋ ಉಳಿದುಕೊಂಡಿದೆ ಎಂಬ ಭಾವನೆ ಅದು. ಹುಬ್ಬಳ್ಳಿಗೋ ಮೈಸೂರಿಗೋ ಹೊರಟವರು ಎಟಿಆರ್ ವಿಮಾನ ಕಂಡೊಡನೆ ‘ಓಹ್, ಫ್ಯಾನಿನದ್ದಾ?’ ಎಂದು ಸಪ್ಪಗಾಗುವುದೂ ಇದರಿಂದಲೇ. ಈ ಪಂಖದ ವಿಮಾನ, ಅಂದರೆ ಟರ್ಬೊಪ್ರಾಪ್, ಉಳಿದಿರುವುದು ಯಾರ ಮರುಕದಿಂದಲೂ ಅಲ್ಲ, ಭೌತವಿಜ್ಞಾನದ ಒಂದು ಲೆಕ್ಕದಿಂದ. ಕಡಿಮೆ ದೂರದ ಹಾರಾಟದಲ್ಲಿ ಆ ಲೆಕ್ಕ ಇಂದಿಗೂ ಅದರ ಪರವಾಗಿಯೇ ಇದೆ.

ಮೊದಲಿಗೆ ವಯಸ್ಸಿನ ಮಾತು. ಟರ್ಬೊಪ್ರಾಪ್ ಜೆಟ್‌ನ ಪೂರ್ವಜನಲ್ಲ, ಒಡಹುಟ್ಟಿದ್ದು. ಎರಡರ ಹೊಟ್ಟೆಯೊಳಗೂ ಇರುವುದು ಅದೇ ಗ್ಯಾಸ್ ಟರ್ಬೈನ್: ಗಾಳಿಯನ್ನು ಎಳೆದು, ಒತ್ತಿ, ಇಂಧನ ಬೆರೆಸಿ ಉರಿಸಿ, ಉಬ್ಬಿದ ಬಿಸಿ ಅನಿಲದಿಂದ ಚಕ್ರ ತಿರುಗಿಸುವ ಯಂತ್ರ. ಆ ಅನಿಲವನ್ನು ನೇರವಾಗಿ ಹಿಂದಕ್ಕೆ ಚಿಮ್ಮಿಸಿದರೆ ಜೆಟ್. ಅದರ ಶಕ್ತಿಯ ಬಹುಪಾಲನ್ನು ಟರ್ಬೈನಿನಲ್ಲೇ ಹೀರಿಕೊಂಡು, ಗೇರುಗಳ ಮೂಲಕ ವೇಗ ತಗ್ಗಿಸಿ ಪಂಖಕ್ಕೆ ಕೊಟ್ಟರೆ ಟರ್ಬೊಪ್ರಾಪ್. ಬ್ರಿಟನ್ನಿನ ವಿಕರ್ಸ್ ವೈಕೌಂಟ್ ಲಂಡನ್–ಪ್ಯಾರಿಸ್ ನಡುವೆ ಪ್ರಯಾಣಿಕರನ್ನು ಹೊತ್ತೊಯ್ದದ್ದು 1950ರ ಜುಲೈನಲ್ಲಿ. ಮೊದಲ ಪ್ರಯಾಣಿಕ ಜೆಟ್ ವಿಮಾನ ಕಾಮೆಟ್ ಸೇವೆಗೆ ಇಳಿದದ್ದು 1952ರ ಮೇ ತಿಂಗಳಲ್ಲಿ. ನಡುವೆ ಎರಡು ವರ್ಷವೂ ಇಲ್ಲ. ನಮ್ಮ ಇಂಡಿಯನ್ ಏರ್‌ಲೈನ್ಸ್‌ಗೆ 1957ರಲ್ಲಿ ವೈಕೌಂಟ್‌ಗಳೂ 1961ರಲ್ಲಿ ಫೋಕರ್‌ಗಳೂ ಬಂದಾಗ ಅವು ಪಿಸ್ಟನ್ ಎಂಜಿನ್ನಿನ ಡಕೋಟಾಗಳನ್ನು ಹಿಂದೆ ಸರಿಸಿದ ಹೊಸ ಕಾಲದ ಯಂತ್ರಗಳಾಗಿದ್ದವು.

ಈಗ ಲೆಕ್ಕ. ವಿಮಾನ ಮುಂದೆ ಹೋಗಬೇಕಾದರೆ ಗಾಳಿಯನ್ನು ಹಿಂದಕ್ಕೆ ನೂಕಬೇಕು. ಹೆಚ್ಚು ಗಾಳಿಯನ್ನು ನಿಧಾನವಾಗಿ ನೂಕಬಹುದು, ಇಲ್ಲವೇ ಸ್ವಲ್ಪ ಗಾಳಿಯನ್ನು ಬಲು ಜೋರಾಗಿ ನೂಕಬಹುದು. ಎರಡರಲ್ಲೂ ಒಂದೇ ನೂಕುಬಲ ಸಿಗುವಂತೆ ಮಾಡಬಹುದು, ಆದರೆ ಖರ್ಚು ಒಂದೇ ಅಲ್ಲ. ನೂಕುಬಲ ಗಾಳಿಗೆ ಕೊಟ್ಟ ವೇಗದ ಪ್ರಮಾಣದಲ್ಲಿ ಹೆಚ್ಚಿದರೆ, ಅದಕ್ಕೆ ತಗಲುವ ಶಕ್ತಿ ವೇಗದ ವರ್ಗದ ಪ್ರಮಾಣದಲ್ಲಿ ಹೆಚ್ಚುತ್ತದೆ. ಹರಿಗೋಲಿನವನು ತೆಳ್ಳನೆಯ ಕೋಲಿನ ಬದಲು ಅಗಲ ತಲೆಯ ಹುಟ್ಟು ಹಿಡಿಯುವುದೂ ಈ ಕಾರಣಕ್ಕೇ. ಸೆಕೆಂಡಿಗೆ 140 ಮೀಟರ್ ವೇಗದಲ್ಲಿ ಹಾರುವ ವಿಮಾನವೊಂದನ್ನು ಊಹಿಸಿಕೊಳ್ಳಿ. ಎಟಿಆರ್ ಹಾರುವುದು ಹೆಚ್ಚುಕಡಿಮೆ ಇದೇ ವೇಗದಲ್ಲಿ. ಅದರ ಪಂಖ ಗಾಳಿಯನ್ನು 165 ಮೀಟರ್ ವೇಗಕ್ಕೆ ಏರಿಸಿ ಬಿಟ್ಟರೆ, ಗಾಳಿಗೆ ಕೊಟ್ಟ ಶಕ್ತಿಯಲ್ಲಿ ಶೇ 90ಕ್ಕೂ ಹೆಚ್ಚು ವಿಮಾನವನ್ನು ಮುಂದೊಯ್ಯಲು ಬಳಕೆಯಾಗುತ್ತದೆ. ಅದೇ ವೇಗದ ವಿಮಾನ ಅನಿಲವನ್ನು 500 ಮೀಟರ್ ವೇಗದಲ್ಲಿ ಚಿಮ್ಮಿಸಿದರೆ ಬಳಕೆಯಾಗುವುದು ಶೇ 44 ಮಾತ್ರ, ಉಳಿದದ್ದು ಹಿಂದೆ ಬಿಟ್ಟುಹೋದ ಗಾಳಿಯ ಪಾಲು. ಇದು ಆದರ್ಶ ಸ್ಥಿತಿಯ ಲೆಕ್ಕ. ಅಲಗುಗಳ ಮೇಲಿನ ಘರ್ಷಣೆಯನ್ನು ಕಳೆದರೆ ನಿಜವಾದ ಅಂಕಿ ಇನ್ನಷ್ಟು ಇಳಿಯುತ್ತದೆ. ಇಂದಿನ ಜೆಟ್‌ಗಳ ಟರ್ಬೊಫ್ಯಾನ್ ಎಂಜಿನ್ ಇವೆರಡರ ನಡುವೆ ಎಲ್ಲೋ ನಿಲ್ಲುತ್ತದೆ. ತಮ್ಮ ವಿಮಾನ ಅದೇ ಗಾತ್ರದ ಜೆಟ್‌ಗಿಂತ ಶೇ 45ರಷ್ಟು ಕಡಿಮೆ ಇಂಧನ ಉರಿಸುತ್ತದೆ ಎನ್ನುತ್ತಾರೆ ಎಟಿಆರ್ ತಯಾರಕರು. ಮಾರುವವರ ಮಾತಿನಲ್ಲಿ ಸ್ವಲ್ಪ ಕಳೆದರೂ ಉಳಿಯುವುದು ದೊಡ್ಡ ಅಂತರವೇ.

ಹಾಗಾದರೆ ಎಲ್ಲ ವಿಮಾನಕ್ಕೂ ಪಂಖ ಏಕಿಲ್ಲ? ಇದು ನ್ಯಾಯವಾದ ಪ್ರಶ್ನೆ. ಪಂಖದ ಅಲಗಿನ ತುದಿ ಸುತ್ತಲೂ ತಿರುಗುತ್ತದೆ, ಜೊತೆಗೆ ವಿಮಾನದೊಂದಿಗೆ ಮುಂದಕ್ಕೂ ಸಾಗುತ್ತದೆ. ಎರಡೂ ವೇಗ ಸೇರಿ ಶಬ್ದದ ವೇಗವನ್ನು ಮುಟ್ಟಿದರೆ ತುದಿಯಲ್ಲಿ ಆಘಾತ ತರಂಗ ಏಳುತ್ತದೆ. ದಕ್ಷತೆ ಕುಸಿಯುತ್ತದೆ, ಗದ್ದಲ ತಡೆಯಲಾಗದು. ಎಟಿಆರ್ 72ರ ಪಂಖದ ವ್ಯಾಸ 3.93 ಮೀಟರ್. ಎತ್ತರದಲ್ಲಿ ಸಮವೇಗದಲ್ಲಿ ಹಾರುವಾಗ ಅದು ನಿಮಿಷಕ್ಕೆ ಸಾವಿರದಷ್ಟು ಸುತ್ತು ಹಾಕುತ್ತದೆ. ಗಂಟೆಗೆ 510 ಕಿ.ಮೀ. ವೇಗದಲ್ಲಿ ತುದಿಯ ಒಟ್ಟು ವೇಗ ಸೆಕೆಂಡಿಗೆ ಸುಮಾರು 250 ಮೀಟರ್ ಆಗುತ್ತದೆ. ಆ ಎತ್ತರದಲ್ಲಿ ಶಬ್ದದ ವೇಗ 315ರ ಆಸುಪಾಸು. ಅದೇ ಪಂಖವನ್ನು ಜೆಟ್‌ನಂತೆ 850 ಕಿ.ಮೀ. ವೇಗದಲ್ಲಿ, ಹತ್ತು ಕಿ.ಮೀ.ಗೂ ಮೇಲಿನ ಚಳಿಗಾಳಿಯಲ್ಲಿ ಒಯ್ದರೆ ತುದಿ ಶಬ್ದದ ವೇಗವನ್ನು ದಾಟಿಯೇಬಿಡುತ್ತದೆ. ದಾಟಿಯೂ ಹಾರಬಹುದೆಂದು ಸೋವಿಯತ್ ಎಂಜಿನಿಯರುಗಳು ಟುಪೊಲೆವ್ 114ರಲ್ಲಿ ತೋರಿಸಿದರು. 1963ರಲ್ಲಿ ಮಾಸ್ಕೋದಿಂದ ದೆಹಲಿಗೂ ಬರತೊಡಗಿದ ಆ ದೈತ್ಯ, ದಾಖಲೆಯ ಹಾರಾಟಗಳಲ್ಲಿ ಗಂಟೆಗೆ 870 ಕಿ.ಮೀ. ಮೀರಿತ್ತು. ಸದ್ದಿಗೂ ಅದು ಅಷ್ಟೇ ಹೆಸರುವಾಸಿ. ಬೆಂಗಳೂರಿನಿಂದ ದೆಹಲಿಗೆ ಹೋಗುವವರು ಜೆಟ್ ಹತ್ತುವುದೇ ಸರಿ, ಅದರಲ್ಲಿ ವಾದವಿಲ್ಲ.

ಬೆಂಗಳೂರು–ಹುಬ್ಬಳ್ಳಿಯ ಕಥೆ ಬೇರೆ. 35,000 ಅಡಿ ಎತ್ತರದಲ್ಲಿರುವ ಜೆಟ್ ಇಳಿಯಬೇಕಾದರೆ ಸುಮಾರು 200 ಕಿ.ಮೀ. ಮೊದಲೇ ತಲೆ ತಗ್ಗಿಸಬೇಕು. ಏರುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ದೂರ ಬೇಕು. ಒಟ್ಟು ಹಾದಿಯೇ ನಾನೂರು ಕಿ.ಮೀ. ಒಳಗಿದ್ದರೆ ಜೆಟ್ ತನ್ನ ಎತ್ತರವನ್ನೂ ಮುಟ್ಟದು, ತನ್ನ ವೇಗವನ್ನೂ ತೋರದು. ಕೆಳಗಿನ ದಟ್ಟ ಗಾಳಿಯಲ್ಲೇ ಇಂಧನ ಸುರಿದು ಉಳಿಸಿಕೊಡುವುದು ಹತ್ತು ಹದಿನೈದು ನಿಮಿಷ. ಭದ್ರತಾ ತಪಾಸಣೆಯ ಸಾಲಿನಲ್ಲಿ ಕಳೆಯುವ ಹೊತ್ತಿನ ಮುಂದೆ ಅದು ಯಾವ ಲೆಕ್ಕ? 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಅಗ್ಗದ ಹಾರಾಟ ಆರಂಭಿಸಿದಾಗ ಬೆಂಗಳೂರು–ಹುಬ್ಬಳ್ಳಿ ಹಾದಿಗೆ ಎಟಿಆರ್ 42 ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ರನ್‌ವೇಯ ಪ್ರಶ್ನೆಯೂ ಇದೆ. ವಿಮಾನ ನಿಧಾನವಾಗಿದ್ದಾಗಲೇ ಪಂಖದ ನೂಕುಬಲ ಹೆಚ್ಚು. ಅದು ಬೀಸಿದ ಗಾಳಿ ರೆಕ್ಕೆಯ ಮೇಲೆ ಹಾದು ಎತ್ತುವ ಬಲವನ್ನೂ ಹೆಚ್ಚಿಸುತ್ತದೆ. ಮೈಸೂರಿನ 1,740 ಮೀಟರ್ ರನ್‌ವೇಯಲ್ಲಿ ಎಟಿಆರ್ 72 ನಿರಾಳವಾಗಿ ಏರುತ್ತದೆ. ಪೂರ್ತಿ ಹೊರೆ ಹೊತ್ತ ಏರ್‌ಬಸ್ 320ಕ್ಕೆ ಅಷ್ಟು ಸಾಲದು.

‘ಇದೆಲ್ಲ ತೆರಿಗೆ ರಿಯಾಯಿತಿಯ ಮಹಿಮೆ’ ಎನ್ನುವವರೂ ಇದ್ದಾರೆ. ನಮ್ಮಲ್ಲಿ ಎಂಬತ್ತಕ್ಕಿಂತ ಕಡಿಮೆ ಆಸನಗಳ ವಿಮಾನಗಳಿಗೆ ಇಳಿಯುವ ಶುಲ್ಕದ ವಿನಾಯಿತಿ, ಹಗುರ ವಿಮಾನಗಳ ಇಂಧನಕ್ಕೆ ಕಡಿಮೆ ಮಾರಾಟ ತೆರಿಗೆ ಇರುವುದು ನಿಜ. ಆದರೆ ಆ ರಿಯಾಯಿತಿ ಸಣ್ಣ ಜೆಟ್‌ಗಳಿಗೂ ಸಿಗುತ್ತದೆ. ಸಿಕ್ಕರೂ ಸಣ್ಣ ಊರುಗಳನ್ನು ಜೋಡಿಸುವ ಉಡಾನ್ ಯೋಜನೆಯ ಹಾದಿಗಳಲ್ಲಿ ಹೆಚ್ಚಾಗಿ ಕಂಡದ್ದು ಪಂಖದ ವಿಮಾನಗಳೇ. ಸದ್ದಿನ ದೂರು ಫೋಕರ್ ಕಾಲದಲ್ಲಿ ಪೂರಾ ಸತ್ಯವಾಗಿತ್ತು, ಈಗ ಅರೆಸತ್ಯ. ನಾಲ್ಕು ಅಲಗುಗಳ ಜಾಗದಲ್ಲಿ ಆರು ಬಂದಿವೆ, ಅವು ಮೆಲ್ಲಗೆ ತಿರುಗುತ್ತವೆ. ಕ್ಯೂ 400 ಎಂಬ ಟರ್ಬೊಪ್ರಾಪ್ ವಿಮಾನದಲ್ಲಂತೂ ಒಳಗಿನ ಸದ್ದನ್ನು ಮೈಕ್ರೊಫೋನ್‌ಗಳಿಂದ ಅಳೆದು, ಅದಕ್ಕೆ ಎದುರಾದ ಕಂಪನವನ್ನು ಹುಟ್ಟಿಸಿ ತಗ್ಗಿಸುವ ಏರ್ಪಾಡೇ ಇದೆ.

ಗಟ್ಟಿಯಾದ ಆಕ್ಷೇಪ ಸುರಕ್ಷತೆಯದು. 1994ರಲ್ಲಿ ಅಮೆರಿಕದ ರೋಸ್‌ಲಾನ್ ಬಳಿ ಎಟಿಆರ್ 72 ಬಿದ್ದು 68 ಜನ ಸತ್ತರು. ರೆಕ್ಕೆಯ ಅಂಚಿನ ಹಿಮ ಒಡೆಯುವ ರಬ್ಬರು ಪಟ್ಟಿಯ ಹಿಂದೆಯೂ ಹಿಮ ಕಟ್ಟಿದ್ದು ಕಾರಣ. ಆಮೇಲೆ ಪಟ್ಟಿಯನ್ನು ಅಗಲ ಮಾಡಿದರು. 2023ರಲ್ಲಿ ನೇಪಾಳದ ಪೋಖರಾದಲ್ಲಿ 72 ಜನ ಸತ್ತದ್ದು, ಇಳಿಯುವ ಹೊತ್ತಿನಲ್ಲಿ ಪೈಲಟ್‌ಗಳ ಅರಿವಿಗೆ ಬಾರದೆ ಎರಡೂ ಪಂಖಗಳ ಅಲಗುಗಳು ಗಾಳಿಗೆ ಅಂಚೊಡ್ಡಿ ನೂಕುವುದನ್ನೇ ನಿಲ್ಲಿಸಿದ್ದರಿಂದ. ಕೆಳಗಿನ ಎತ್ತರದ ಮೋಡ, ಪದೇಪದೇ ಏರಿಳಿತ, ಸೌಕರ್ಯ ಕಡಿಮೆಯಿರುವ ನಿಲ್ದಾಣ ಇವೆಲ್ಲ ಕೆಲಸದ ಜಾಗದ ಅಪಾಯಗಳು, ಅಲ್ಲಿಗೆ ಜೆಟ್ ಹೋದರೂ ಎದುರಾಗುತ್ತವೆ ಎನ್ನಬಹುದು. ಪೋಖರಾದ ಅಪಾಯವನ್ನು ಹಾಗೆ ತಳ್ಳಿಹಾಕುವಂತಿಲ್ಲ, ಅದು ಪಂಖಕ್ಕೇ ಸೇರಿದ್ದು. ಅದಕ್ಕೆ ಉತ್ತರ ತರಬೇತಿ ಮತ್ತು ಲಿವರ್‌ಗಳ ವಿನ್ಯಾಸದಲ್ಲಿದೆ, ಪಂಖವನ್ನೇ ಬಿಡುವುದರಲ್ಲಿ ಅಲ್ಲ.

ಯಾಕೆಂದರೆ ಜೆಟ್ ಎಂಜಿನ್ ತಾನೇ ಪಂಖದ ಕಡೆಗೆ ವಾಲುತ್ತಿದೆ. ಏರ್‌ಬಸ್ 320 ನಿಯೋ ವಿಮಾನದ ಒಂದು ಬಗೆಯ ಎಂಜಿನ್ನಿನಲ್ಲಿ ಮುಂದಿನ ದೊಡ್ಡ ಫ್ಯಾನನ್ನು ನಿಧಾನವಾಗಿ ತಿರುಗಿಸಲು ಟರ್ಬೊಪ್ರಾಪ್‌ನಂತೆಯೇ ಗೇರುಗಳಿವೆ. ಸಿಎಫ್‌ಎಂ ಕಂಪನಿ 2021ರಲ್ಲಿ ಪ್ರಕಟಿಸಿದ ಯೋಜನೆಯಲ್ಲಿ ಫ್ಯಾನಿನ ಸುತ್ತಲ ಕವಚವೇ ಇಲ್ಲ. ಶೇ 20ರಷ್ಟು ಇಂಧನ ಉಳಿತಾಯ ಅದರ ಗುರಿ. ಇತ್ತ ಭಾರತೀಯ ವಾಯುಪಡೆ, ಹೆಚ್ಚಿನಂಶ ಕಾನ್ಪುರದ ಎಚ್‌ಎಎಲ್‌ನಲ್ಲಿ ತಯಾರಾಗಿ ದಶಕಗಳ ಕಾಲ ದುಡಿದ ಆವ್ರೊ ವಿಮಾನಗಳ ಜಾಗಕ್ಕೆ 56 ಹೊಸ ವಿಮಾನಗಳನ್ನು ಕೊಳ್ಳಲು 2021ರಲ್ಲಿ ಒಪ್ಪಂದ ಮಾಡಿಕೊಂಡಿತು. ಆರಿಸಿಕೊಂಡದ್ದು ಏರ್‌ಬಸ್ ಸಿ-295. ಅದಕ್ಕೂ ಆರು ಅಲಗುಗಳ ಎರಡು ಪಂಖಗಳಿವೆ, ಎಂಜಿನ್ ಎಟಿಆರ್ 72ರ ಎಂಜಿನ್ನಿನ ಕುಟುಂಬದ್ದೇ.