ನೇರ ಪ್ರಸಾರದ ಮೊಹರು

ಮಳೆಯಿಂದ ದಾರಿ ಕಡಿದುಹೋದ ಊರಿನ ಮಕ್ಕಳಿಗೆ, ದೂರದಲ್ಲಿರುವ ಉಪಾಧ್ಯಾಯರೊಬ್ಬರು ಬ್ರೌಸರ್‌ನ ಮೂಲಕ ಪಾಠ ಹೇಳಲು ಕುಳಿತಿದ್ದಾರೆಂದು ಭಾವಿಸೋಣ. ಪುಟ ತೆರೆದಿದೆ, ಕ್ಯಾಮೆರಾ ಸರಿಯಾಗಿದೆ, ಸಂಪರ್ಕದ ವೇಗವೂ ಸಾಕಷ್ಟಿದೆ. ಆದರೂ ಮಕ್ಕಳ ಮುಂದಿನ ತೆರೆಯಲ್ಲಿ ಚಿತ್ರ ಮೂಡದು. ಇಂಥ ಸಮಯದಲ್ಲಿ ಜನರು ತಂತಿಯನ್ನು ಅಲುಗಾಡಿಸುತ್ತಾರೆ. ಯಂತ್ರವನ್ನು ಆರಿಸಿ ಮತ್ತೆ ಹಚ್ಚುತ್ತಾರೆ. ದೋಷವಿರುವುದು ಅನೇಕ ವೇಳೆ ಯಂತ್ರಗಳು ಒಂದನ್ನೊಂದು ನಂಬುವ ಬಗೆಯಲ್ಲಿ.

ಅಂತರಜಾಲದಲ್ಲಿ ಸಂದೇಶವು ಹಲವು ಯಂತ್ರಗಳನ್ನು ದಾಟಿ ಸಾಗುತ್ತದೆ. ಅಂಚೆ ಕಾರ್ಡನ್ನು ದಾರಿಯಲ್ಲಿ ಯಾರು ಬೇಕಾದರೂ ಓದಬಹುದಷ್ಟೆ. ರಕ್ಷಣೆಯಿಲ್ಲದ ಸಂದೇಶದ ಪಾಡೂ ಅದೇ. ಅದನ್ನು ಗೂಢಲಿಪಿಗೆ ತಿರುಗಿಸಿ ಕಳುಹಿಸುವ ಏರ್ಪಾಡಿಗೆ ಟಿಎಲ್‌ಎಸ್ ಎಂದು ಹೆಸರು. ಇದರ 1.3ನೆಯ ಆವೃತ್ತಿ 2018ರಲ್ಲಿ ಪ್ರಕಟವಾಯಿತು. ಇಂಥ ರಕ್ಷಣೆಯುಳ್ಳ ಪುಟದ ವಿಳಾಸವು 'ಎಚ್‌ಟಿಟಿಪಿಎಸ್' ಎಂದು ಆರಂಭವಾಗುತ್ತದೆ. ಕೊನೆಯ 'ಎಸ್' ಇಲ್ಲದ ಪುಟಕ್ಕೆ ಕ್ಯಾಮೆರಾವನ್ನು ಒಪ್ಪಿಸಬಾರದೆಂಬ ನಿಯಮವನ್ನು ಕ್ರೋಮ್ ಬ್ರೌಸರ್ 2015ರ ಕೊನೆಯಲ್ಲಿ ತಂದಿತು. ಉಳಿದವೂ ಆ ದಾರಿಯನ್ನೇ ಹಿಡಿದವು. ಯಂತ್ರವು ತನ್ನೊಳಗಿನಿಂದಲೇ ತೆರೆಯುವ ಪುಟಕ್ಕೆ ಮಾತ್ರ ವಿನಾಯಿತಿ ಉಂಟು. ಆದುದರಿಂದಲೇ ತಯಾರಿಸಿದವನ ಮೇಜಿನ ಮೇಲೆ ಸುಸೂತ್ರವಾಗಿ ನಡೆದ ಪ್ರಸಾರವು ಹತ್ತು ಜನರೆದುರು ಮುಗ್ಗರಿಸುವುದುಂಟು.

ಕೆಲವೊಮ್ಮೆ ಪುಟವು ಸುರಕ್ಷಿತವಾಗಿದ್ದು, ಚಿತ್ರವನ್ನು ಸಾಗಿಸುವ ವೆಬ್‌ಸಾಕೆಟ್ ಎಂಬ ಕೊಳವೆ ಮಾತ್ರ ರಕ್ಷಣೆಯಿಲ್ಲದ 'ಡಬ್ಲ್ಯುಎಸ್' ವಿಳಾಸದ್ದಾಗಿರುತ್ತದೆ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟಂತೆ! ಬ್ರೌಸರ್ ಅದನ್ನು ತಡೆಯುತ್ತದೆ. ಅಲ್ಲಿ 'ಡಬ್ಲ್ಯುಎಸ್‌ಎಸ್' ಎಂದಿರಬೇಕು.

ಇನ್ನು ಪ್ರಮಾಣಪತ್ರದ ಮಾತು. ಎದುರಿನ ಸರ್ವರ್ ತನ್ನ ಗುರುತಿಗಾಗಿ ಒಂದು ಪತ್ರವನ್ನು ತೋರಿಸುತ್ತದೆ. ಅದರಲ್ಲಿ ಅದರ ಹೆಸರು, ಅವಧಿ, ಬ್ರೌಸರ್ ನಂಬುವ ಸಂಸ್ಥೆಯೊಂದರ ಮೊಹರು ಇರುತ್ತವೆ. ಹೆಸರು ಹೊಂದದಿದ್ದರೆ, ಅವಧಿ ಮೀರಿದ್ದರೆ, ಮೂಲ ಸಂಸ್ಥೆಗೂ ಪತ್ರಕ್ಕೂ ನಡುವಣ ಕೊಂಡಿ ತಪ್ಪಿದ್ದರೆ ಸಂಪರ್ಕ ಕೂಡದು. ನೋಡುವವರ ಯಂತ್ರದ ಗಡಿಯಾರ ವರ್ಷಗಟ್ಟಲೆ ಹಿಂದಿದ್ದರೂ ಸರಿಯಾದ ಪತ್ರವೇ ಸುಳ್ಳಾಗಿ ತೋರುತ್ತದೆ. 2021ರ ಸೆಪ್ಟೆಂಬರ್ 30ರಂದು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಪತ್ರಗಳಿಗೆ ಆಧಾರವಾಗಿದ್ದ ಹಳೆಯ ಮೂಲಪತ್ರವೊಂದರ ಅವಧಿ ತೀರಿದಾಗ, ಹೊಸ ಮೂಲಪತ್ರವನ್ನರಿಯದ ಎಷ್ಟೋ ಹಳೆಯ ಯಂತ್ರಗಳು ನಿನ್ನೆಯವರೆಗೆ ತೆರೆಯುತ್ತಿದ್ದ ತಾಣಗಳನ್ನೇ ನಂಬದೆ ಹೋದವು.

ಪುಟದ ಪತ್ರದಲ್ಲಿ ದೋಷವಿದ್ದರೆ ಬ್ರೌಸರ್ ಎಚ್ಚರಿಕೆಯನ್ನು ತೋರಿಸುತ್ತದೆ. ವೆಬ್‌ಸಾಕೆಟ್ಟಿನ ಪತ್ರ ಕೆಟ್ಟಿದ್ದರೆ ಅಂಥ ಯಾವ ಸೂಚನೆಯೂ ತೆರೆಯ ಮೇಲೆ ಬಾರದು. ಈ ಮೌನವೇ ಜನರನ್ನು ದಾರಿ ತಪ್ಪಿಸುವುದು. ಗಣಕದಲ್ಲಿ ಎಫ್ 12 ಕೀಲಿಯನ್ನೊತ್ತಿ ಬ್ರೌಸರ್‌ನ ಒಳವರದಿಯನ್ನು ಓದಿದರೆ ಕಾರಣ ಅಲ್ಲಿ ಬರೆದಿರುತ್ತದೆ. ಎಚ್ಚರಿಕೆಯನ್ನು ಕಡೆಗಣಿಸಿ ಮುಂದುವರಿಯುವುದು ಪರಿಹಾರವಲ್ಲ. ಕಳ್ಳನ ಸರ್ವರ್ ಕೂಡ ಅದೇ ಎಚ್ಚರಿಕೆಯನ್ನೇ ಬರಿಸುತ್ತದೆ.

ಉಪಾಧ್ಯಾಯರ ವರದಿಯಲ್ಲಿ, ಪತ್ರದ ದಿನಾಂಕ ಸರಿಯಿಲ್ಲವೆಂದಿತ್ತು. ವೀಡಿಯೊ ಸರ್ವರಿನ ಮೇಲ್ವಿಚಾರಕರು ಹೊಸ ಪತ್ರವನ್ನು ಹಿಂದಿನ ವಾರವೇ ತಂದಿರಿಸಿದ್ದರು. ಸರ್ವರ್ ಮಾತ್ರ ತನ್ನ ಸ್ಮೃತಿಯಲ್ಲಿದ್ದ ಹಳೆಯದನ್ನೇ ತೋರಿಸುತ್ತಿತ್ತು. ಆರಿಸಿ ಹಚ್ಚಬೇಕಾಗಿದ್ದುದು ಆ ಯಂತ್ರವನ್ನು. ಹಾಗೆ ಮಾಡಿದ ಕೂಡಲೇ ಮಕ್ಕಳೆದುರು ಕರಿಹಲಗೆ ಕಾಣಿಸಿತು.